ಆ್ಯಂಟಿಬಯೋಟಿಕ್: ಆಸ್ಪತ್ರೆಯ ಲೆಕ್ಕ ಸಿಗುತ್ತದೆ, ತೋಟದ್ದು ಎಲ್ಲಿ?

ಆ್ಯಂಟಿಬಯೋಟಿಕ್‌ಗೆ ರೋಗಾಣುಗಳು ಬಗ್ಗುತ್ತಿಲ್ಲ ಅನ್ನುವ ಸುದ್ದಿ ಈಗ ಎಲ್ಲ ಕಡೆಯಿಂದ ಬರುತ್ತಿದೆ. ಒಂದು ದಿನ ಐಸಿಯು, ಇನ್ನೊಂದು ದಿನ ಕೋಳಿ, ಮತ್ತೊಂದು ದಿನ ಹೈದರಾಬಾದ್ ಪಕ್ಕದ ಕೊಳಚೆ ನೀರು. ಒಂದೊಂದಕ್ಕೂ ಒಂದೊಂದು ಸಚಿವಾಲಯ, ಒಂದೊಂದು ವರದಿ. ಎಲ್ಲಿಂದ ಓದಲು ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

1928ರಲ್ಲಿ ಪೆನಿಸಿಲಿನ್ ಸಿಕ್ಕಿತು, 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿ ಕ್ಷಯಕ್ಕೆ ಮೊದಲ ಮದ್ದಾಯಿತು, 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಸರ್ಕಾರವೇ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಹಾಕಿತು, ಆಮೇಲೆ ಅರ್ಧ ಶತಮಾನ ಈ ಔಷಧಿಗಳ ಮೇಲೆ ನಂಬಿಕೆ ಇಟ್ಟು ಬದುಕಿದೆವು.

ಆ ನಂಬಿಕೆ ಅಲ್ಲಾಡಿದ್ದು 2010ರ ಆಗಸ್ಟ್‌ನಲ್ಲಿ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ಒಬ್ಬ ರೋಗಿಯಲ್ಲಿ ಮೊದಲು ಕಂಡಿದ್ದ ಜೀನ್ ಭಾರತ, ಪಾಕಿಸ್ತಾನ, ಬ್ರಿಟನ್‌ನಲ್ಲೂ ಇದೆ ಅಂತ ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದು ಬರೆಯಿತು. ಕಾರ್ಬಪೆನೆಮ್‌ನಂಥ ಭಾರೀ ಔಷಧಿಯನ್ನೂ ಸೋಲಿಸುವ ಈ ಜೀನ್‌ಗೆ ಎನ್‌ಡಿಎಂ–1 ಅಂತ ಹೆಸರಿಟ್ಟಿದ್ದರು. ಮೊದಲೆರಡು ಅಕ್ಷರ ‘ನ್ಯೂ ಡೆಲ್ಲಿ’ಯವು. ದೇಶದಲ್ಲಿ ಸಿಟ್ಟು ಬಂತು, ಚರ್ಚೆಯೆಲ್ಲ ಹೆಸರಿನ ಸುತ್ತಲೇ ತಿರುಗಿತು. ಮರುವರ್ಷ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ, ರಸ್ತೆ ಬದಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಅದೇ ಜೀನ್ ಸಿಕ್ಕಿತು. ಹೆಸರಿನ ಜಗಳಕ್ಕಿಂತ ಈ ಸಂಖ್ಯೆಗಳು ಜಾಸ್ತಿ ಸುದ್ದಿಯಾಗಬೇಕಿತ್ತು.

ಆ ಗದ್ದಲದಿಂದ ಒಳ್ಳೆಯದೂ ಆಯಿತು ಅನ್ನಿ. 2011ರಲ್ಲಿ ರಾಷ್ಟ್ರೀಯ ನೀತಿ ಬಂತು. 2013ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೊಡ್ಡ ಆಸ್ಪತ್ರೆಗಳನ್ನು ಸೇರಿಸಿ, ಯಾವ ರೋಗಾಣು ಯಾವ ಔಷಧಿಗೆ ಬಗ್ಗುತ್ತಿಲ್ಲ ಅಂತ ಲೆಕ್ಕ ಇಡುವ ಒಂದು ಜಾಲ ಕಟ್ಟಿತು. 2014ರ ಮಾರ್ಚ್‌ನಿಂದ ‘ಶೆಡ್ಯೂಲ್ ಎಚ್1’ ಅನ್ನುವ ಔಷಧಿ ಪಟ್ಟಿ ಜಾರಿಗೆ ಬಂತು. ಅದರಲ್ಲಿರುವ ಔಷಧಿ ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು ಬರೆದು ಮೆಡಿಕಲ್ ಶಾಪ್‌ನವರು ಮೂರು ವರ್ಷ ರಿಜಿಸ್ಟರ್ ಇಟ್ಟುಕೊಳ್ಳಬೇಕು.

ಐಸಿಎಂಆರ್ ಜಾಲದ ವರದಿಗಳು ನಿಜಕ್ಕೂ ಬೆಲೆಯುಳ್ಳವು. ಕ್ಲೆಬ್ಸಿಯೆಲ್ಲಾ ಅನ್ನುವ ರೋಗಾಣು ನ್ಯುಮೋನಿಯಾ, ರಕ್ತದ ಸೋಂಕು ತರುತ್ತದೆ. ಇದರ ಮಾದರಿಗಳಲ್ಲಿ ಕಾರ್ಬಪೆನೆಮ್ ಗುಂಪಿನ ಇಮಿಪೆನೆಮ್‌ಗೆ ಬಗ್ಗುತ್ತಿದ್ದವು 2016ರಲ್ಲಿ ಶೇ 65. 2021ರಲ್ಲಿ ಶೇ 43. ಐದೇ ವರ್ಷ.

ಈ ಲೆಕ್ಕ ಹುಟ್ಟುವುದು ಅಂಗೈ ಅಗಲದ ಒಂದು ತಟ್ಟೆಯಲ್ಲಿ. ರೋಗಿಯ ರಕ್ತ ಅಥವಾ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಅದರ ಮೇಲೆ ಸವರುತ್ತಾರೆ. ಔಷಧಿಯಲ್ಲಿ ಅದ್ದಿದ, ಹಣೆಯ ಬೊಟ್ಟಿನಷ್ಟು ಅಗಲದ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತಾರೆ. ಮಾರನೇ ದಿನ ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ಖಾಲಿ ಉಂಗುರ ಮೂಡಿದ್ದರೆ ಔಷಧಿ ಕೆಲಸ ಮಾಡುತ್ತದೆ ಅಂತ. ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ಇಲ್ಲ. ಇದೇ ಕಲ್ಚರ್ ಟೆಸ್ಟ್. ಎರಡು ಮೂರು ದಿನ ಬೇಕು, ಲ್ಯಾಬ್ ಬೇಕು. ಸಣ್ಣ ಊರುಗಳ ಎಷ್ಟೋ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿನ ವೈದ್ಯರು ಅಂದಾಜಿನ ಮೇಲೆಯೇ ಬರೆಯಬೇಕು. ‘ಜನ ಸುಮ್ನೆ ಮಾತ್ರೆ ನುಂಗ್ತಾರೆ’ ಅಂತ ಬೈಯುವ ಮುಂಚೆ ಇದನ್ನು ನೆನೆಯಬೇಕು ಅಲ್ವಾ?

ಇನ್ನು ತೋಟದ ಕಡೆ ಬರೋಣ. ಕುಷ್ಟಗಿ ಕಡೆ ನಮ್ಮ ಸೋದರಮಾವನ ದಾಳಿಂಬೆ ತೋಟ ಇದೆ, ಹಾಗಾಗಿ ಈ ಭಾಗ ನಾನು ಕಣ್ಣಾರೆ ಕಂಡದ್ದು. ಕೊಪ್ಪಳ, ಬಾಗಲಕೋಟೆ, ವಿಜಯಪುರದ ದಾಳಿಂಬೆ ಬೆಳೆಗಾರರನ್ನು ದುಂಡಾಣು ಅಂಗಮಾರಿ ಅನ್ನುವ ಬ್ಯಾಕ್ಟೀರಿಯಾ ರೋಗ ಎಷ್ಟು ಹೈರಾಣ ಮಾಡಿದೆ ಅನ್ನೋದು ಆ ಕಡೆಯವರಿಗೆಲ್ಲ ಗೊತ್ತು. ಎಲೆ ಮೇಲೆ ಎಣ್ಣೆ ಹನಿಯಂಥ ಚುಕ್ಕೆ ಬರುತ್ತದೆ, ಅದು ಕಾಯಿಗೆ ಇಳಿಯುತ್ತದೆ, ಕಾಯಿ ಸೀಳುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ತೋಟವೇ ಹೋಗುತ್ತದೆ.

ಅದಕ್ಕೆ ಹೊಡೆಯುತ್ತಿದ್ದದ್ದು ಸ್ಟ್ರೆಪ್ಟೋಸೈಕ್ಲಿನ್. ಆರು ಗ್ರಾಂನ ಪುಟ್ಟ ಪ್ಯಾಕೆಟ್. ಒಳಗಿನ ಪುಡಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಕ್ಷಯಕ್ಕೆ ಕೊಡುತ್ತಿದ್ದ ಅದೇ ಸ್ಟ್ರೆಪ್ಟೋಮೈಸಿನ್. ಲೀಟರಿಗೆ ಅರ್ಧ ಗ್ರಾಂ, ಜೊತೆಗೆ ತಾಮ್ರದ ಪುಡಿ. 200 ಲೀಟರ್ ಡ್ರಮ್ಮಿಗೆ ಹದಿನಾರು, ಹದಿನೇಳು ಪ್ಯಾಕೆಟ್. ಮಾವ ಕತ್ತರಿಯಲ್ಲಿ ಒಂದೊಂದನ್ನೇ ಕತ್ತರಿಸಿ ಸುರಿದು, ಕೋಲಿನಿಂದ ಕಲಕುತ್ತಿದ್ದರು. ‘ಇದನ್ನ ಹೊಡೀಲಿಲ್ಲಂದ್ರ ಬ್ಯಾಂಕಿನವ್ರು ಬಂದು ಬಾಗಲದಾಗ ನಿಂದರತಾರ’ ಅನ್ನುತ್ತಿದ್ದರು. ಅದು ಅವರ ಲೆಕ್ಕ. ನಾನು ಮಾಡಿ ನೋಡಿದ ಲೆಕ್ಕ ಇನ್ನೊಂದು. ಆ ಒಂದು ಡ್ರಮ್ಮಿನಲ್ಲಿ 90 ಗ್ರಾಂ ಸ್ಟ್ರೆಪ್ಟೋಮೈಸಿನ್ ಇರುತ್ತಿತ್ತು. ಒಬ್ಬ ಕ್ಷಯ ರೋಗಿಗೆ ದಿನಕ್ಕೆ ಮುಕ್ಕಾಲು ಗ್ರಾಂನಂತೆ ನಾಲ್ಕು ತಿಂಗಳಿಗೆ ಆಗುವಷ್ಟು.

ತೋಟದ ಪುಡಿಯಿಂದ ಕ್ಷಯದ ರೋಗಾಣು ನೇರವಾಗಿ ಬಲಿಯುತ್ತದೆ ಅಂತ ತಿಳಿಯಬೇಡಿ. ಅದು ಬೇರೆ ಬ್ಯಾಕ್ಟೀರಿಯಾಗಳಿಂದ ಜೀನ್ ಪಡೆಯುವುದಿಲ್ಲ, ತನ್ನೊಳಗೇ ಬದಲಾಗುತ್ತದೆ. ಆದರೆ ಮಣ್ಣಿನ ಬೇರೆ ಬ್ಯಾಕ್ಟೀರಿಯಾಗಳು ಹಾಗಲ್ಲ. ಔಷಧಿ ತಡೆಯುವ ಜೀನ್‌ಗಳನ್ನು ಒಂದಕ್ಕೊಂದು ದಾಟಿಸುತ್ತವೆ. ಆತಂಕ ಇರೋದು ಅಲ್ಲಿ.

ಸರ್ಕಾರದ ಪಟ್ಟಿಯಲ್ಲಿ ಈ ಪುಡಿಗೆ ಅನುಮತಿ ಇದ್ದದ್ದು ಭತ್ತ, ಟೊಮೆಟೊ, ಆಲೂಗಡ್ಡೆ, ಸೇಬು ಸೇರಿ ಎಂಟು ಬೆಳೆಗೆ ಮಾತ್ರ. ದಾಳಿಂಬೆ ಅದರಲ್ಲಿ ಇರಲಿಲ್ಲ. ಆದರೂ ದಾಳಿಂಬೆಯ ಸಿಂಪಡಣೆ ಸಲಹೆಗಳಲ್ಲಿ ಅದರ ಹೆಸರು ಇರುತ್ತಿತ್ತು. ರೈತರು ಓದಿದ್ದು ಸಲಹೆಯನ್ನೇ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕರಡು ಆದೇಶ ಹೊರಡಿಸಿ, 2024ರಿಂದ ಬೆಳೆಗೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಎರಡನ್ನೂ ಬಳಸುವಂತಿಲ್ಲ ಅಂತ ಪ್ರಸ್ತಾಪಿಸಿತು. ಅಂಗಮಾರಿಗೆ ಬದಲಿ ಏನು ಅನ್ನುವ ಮಾತು ಮಾತ್ರ ಅಷ್ಟು ಜೋರಾಗಿ ಕೇಳಲಿಲ್ಲ.

ಉಳಿದ ಕಡೆ ಸರ್ಕಾರದ ವೇಗ ಬೇರೆ ಬೇರೆ. ಕೊನೆಯ ಅಸ್ತ್ರ ಅನ್ನಿಸಿಕೊಂಡ ಕೊಲಿಸ್ಟಿನ್ ಅನ್ನುವ ಆ್ಯಂಟಿಬಯೋಟಿಕ್ ಕೋಳಿಗಳಿಗೂ ಹೋಗುತ್ತಿತ್ತು. ಅದನ್ನು ಸೋಲಿಸುವ, ಬ್ಯಾಕ್ಟೀರಿಯಾಗಳ ನಡುವೆ ದಾಟುವ ಜೀನ್ ಚೀನಾದಲ್ಲಿ ಸಿಕ್ಕಿದ್ದು 2015ರಲ್ಲಿ. ನಮ್ಮಲ್ಲಿ 2019ರ ಜುಲೈನಲ್ಲೇ ಈ ಔಷಧಿಯನ್ನು ಆಹಾರದ ಪ್ರಾಣಿಗಳಿಗೆ ನಿಷೇಧಿಸಲಾಯಿತು. ಔಷಧಿ ಕಾರ್ಖಾನೆಗಳ ಕೊಳಚೆ ನೀರಿನ ಕಥೆ ಹೀಗಲ್ಲ. ಹೈದರಾಬಾದ್ ಹತ್ತಿರದ ಪಟನ್‌ಚೆರುವಿನ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್ ಇದೆ ಅಂತ 2007ರಲ್ಲೇ ಗೊತ್ತಾಗಿತ್ತು. ಮಾತ್ರೆ ನುಂಗಿದವರ ರಕ್ತದಲ್ಲಿ ಇರುವುದಕ್ಕಿಂತ ಜಾಸ್ತಿ. ಮಿತಿ ಹಾಕುವ ಕರಡು ನಿಯಮ ಬಂದದ್ದು 2020ರಲ್ಲಿ. 2021ರ ಅಂತಿಮ ನಿಯಮದಲ್ಲಿ ಆ ಮಿತಿ ಕಾಣಲಿಲ್ಲ.

ಇವೆಲ್ಲವನ್ನೂ ಒಟ್ಟಿಗೆ ನೋಡುತ್ತೇವೆ ಅಂತ ಹೇಳಿದ್ದು 2017ರ ರಾಷ್ಟ್ರೀಯ ಕ್ರಿಯಾ ಯೋಜನೆ. ಎರಡನೆಯದು 2025ರ ನವೆಂಬರ್‌ನಲ್ಲಿ ಬಂದಿದೆ, 2029ರವರೆಗೆ. ಆಸ್ಪತ್ರೆಗೆ ಐಸಿಎಂಆರ್ ಜಾಲ ಇದೆ. ಕೃಷಿ ಸಂಶೋಧನಾ ಮಂಡಳಿಯ ಇನ್ನೊಂದು ಜಾಲ ಮೀನು ಮತ್ತು ಪ್ರಾಣಿಗಳನ್ನು ನೋಡುತ್ತದೆ. ಬೆಳೆ ಅದರ ಹೆಸರಿನಲ್ಲೇ ಇಲ್ಲ.

ಮಾವ ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸುತ್ತಾರೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಬರೆದಿರುತ್ತಾರೆ. ಸಾರಜನಕ, ರಂಜಕ, ಪೊಟ್ಯಾಶ್, ಸತುವು, ಬೋರಾನ್. ಅಷ್ಟು ವರ್ಷ ಸ್ಟ್ರೆಪ್ಟೋಮೈಸಿನ್ ಕುಡಿದ ಮಣ್ಣಿನಲ್ಲಿ ಈಗ ಎಂಥ ಬ್ಯಾಕ್ಟೀರಿಯಾ ಬದುಕಿವೆ ಅನ್ನುವುದಕ್ಕೆ ಆ ಕಾರ್ಡಿನಲ್ಲಿ ಕಾಲಂ ಇಲ್ಲ.