ಕೆಲಸ ಬಿಡದೆ ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡಬಹುದಾ?

ಪ್ರಶ್ನೆ: ಎಂ.ಎಸ್ಸಿ. ಕೆಮಿಸ್ಟ್ರಿಯಲ್ಲಿ 57% ಬಂದಿದೆ. ಮನೆ ಡೊಂಬಿವಲಿ, ಅಂಬರನಾಥದ ಒಂದು ಕಂಪನಿಯಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸ. ಪಿಎಚ್.ಡಿ.ಗೆ ಏನೇನು ಬೇಕು? ಕೆಲಸ ಮಾಡಿಕೊಂಡೇ ಆಗುತ್ತದಾ?

ಉತ್ತರ: ನಿಯಮದಲ್ಲಿ ಅವಕಾಶ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮ ಪಾರ್ಟ್‌ಟೈಮ್ ಪಿಎಚ್.ಡಿ.ಯನ್ನು ಒಪ್ಪುತ್ತದೆ. ಕಂಪನಿಯಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ತರಬೇಕು. ಓದಲು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ (ಪಿಎಚ್.ಡಿ.ಯ ತರಗತಿಗಳಿಗೆ) ಬೇಕಾದರೆ ಕೆಲಸದಿಂದ ಬಿಡುವು ಕೊಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು. ಎಂ.ಎಸ್ಸಿ.ಯಲ್ಲಿ 55% ಇದ್ದರೆ ಸಾಕು, ಆ ಚಿಂತೆ ನಿಮಗಿಲ್ಲ.

ಸೀಟಿಗೆ ನೆಟ್, ಗೇಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ ಅಥವಾ ಆಯಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಜೆಆರ್‌ಎಫ್ (ನೆಟ್ ಮೂಲಕ ಸಿಗುವ ಸಂಶೋಧನಾ ವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ನಂತರ 42,000 ರೂ. ಆದರೆ ಅದು ಪೂರ್ತಿ ಸಮಯ ಕೊಡುವವರಿಗೆ. ಪೊವೈನ ಐಐಟಿಗೆ ತನ್ನದೇ ನಿಯಮ. ಪುಣೆಯ ರಾಷ್ಟ್ರೀಯ ಪ್ರಯೋಗಾಲಯ ಎನ್‌ಸಿಎಲ್‌ನಲ್ಲಿ, ಅಲ್ಲಿ ಪದವಿ ಕೊಡುವ ಎಸಿಎಸ್‌ಐಆರ್ ಮೂಲಕ ಸೇರಿದರೆ ಹಳ್ಳಿಯ ಜನರಿಗೆ ಉಪಯೋಗವಾಗುವ ಒಂದು ಪ್ರಾಜೆಕ್ಟನ್ನೂ ಮಾಡಬೇಕು. ನನಗೆ ಇದು ತುಂಬಾ ಇಷ್ಟವಾದ ನಿಯಮ.

ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6. ಮರುನೋಂದಣಿಯಲ್ಲಿ ಇನ್ನೂ 2 ವರ್ಷ ಸಿಗಬಹುದು. ಪೇಪರ್ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ಆದರೂ ಕೇಳುವ ಗೈಡ್‌ಗಳಿದ್ದಾರೆ, ಸೇರುವ ಮೊದಲೇ ವಿಚಾರಿಸಿ. ಕೊನೆಗೆ ಥೀಸಿಸ್, ಹೊರಗಿನ ಪರೀಕ್ಷಕರು, ವೈವಾ (ಮೌಖಿಕ ಪರೀಕ್ಷೆ).

ಇಷ್ಟು ಕಾಗದದ ಮೇಲಿನ ಮಾತು. ಲ್ಯಾಬಿನ ಮಾತು ಬೇರೆ.

ನಾನು ಪುಣೆಯಲ್ಲಿ ಪಿಎಚ್.ಡಿ. ಮಾಡುವಾಗ, ಮೇ ತಿಂಗಳಲ್ಲಿ ಚೆನ್ನಾಗಿ ನಡೆದಿದ್ದ ರಿಯಾಕ್ಷನ್ ಜುಲೈನಲ್ಲಿ ಕೈಕೊಟ್ಟಿತು. ಬ್ಯುಟೈಲ್ ಲಿಥಿಯಂ ಹಾಕುವ ರಿಯಾಕ್ಷನ್ ಅದು, ತೇವ ತಾಗಿದರೆ ಕೆಟ್ಟಿತು. ಪುಣೆಯ ಮಳೆಗಾಲದ ಗಾಳಿ ಗೊತ್ತಲ್ವಾ? ರಿಯಾಕ್ಷನ್ ನಡೆದಿದೆಯಾ ಅಂತ ನೋಡುವ ಟಿಎಲ್‌ಸಿ ಪ್ಲೇಟನ್ನು ಯುವಿ ಲ್ಯಾಂಪಿನ ಕೆಳಗೆ ಹಿಡಿದರೆ ಶುರುವಿನ ವಸ್ತುವಿನ ಚುಕ್ಕೆ ಇದ್ದಲ್ಲೇ ಇರುತ್ತಿತ್ತು. ಹನ್ನೊಂದು ಸಲ ಹೀಗೇ ಆಯಿತು. ಕೊನೆಗೆ ಫ್ಲಾಸ್ಕನ್ನು ರಾತ್ರಿಯಿಡೀ ಓವನ್‌ನಲ್ಲಿಟ್ಟೆ. ದ್ರಾವಕವಾದ ಟಿಎಚ್‌ಎಫ್‌ಗೆ ಸೋಡಿಯಂ, ಬೆಂಜೋಫಿನೋನ್ ಹಾಕಿ ಕುದಿಸಿ, ತೇವ ಹೋಗಿದೆ ಅಂತ ತೋರಿಸುವ ಗಾಢ ನೀಲಿ ಬಣ್ಣ ಬರುವ ತನಕ ಕಾದು, ಬಟ್ಟಿ ಇಳಿಸಿಕೊಂಡೆ. ಆಗ ಪ್ಲೇಟಿನ ಮೇಲೆ ಹೊಸ ಚುಕ್ಕೆ ಬಂತು. ಆ ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಖುಷಿಪಟ್ಟರು.

ಇಂಥ ಕೆಲಸಕ್ಕೆ ದಿನವಿಡೀ ಪಕ್ಕದಲ್ಲೇ ಇರಬೇಕು. ಡ್ಯೂಟಿ ಮುಗಿಸಿ, ಲೋಕಲ್ ಹಿಡಿದು ಬಂದು ಮಾಡುವಂಥದ್ದಲ್ಲ. ಅದಕ್ಕೇ ಸಿಂಥೆಸಿಸ್ (ವಸ್ತು ತಯಾರಿಸುವ) ವಿಷಯವಾದರೆ ಪಾರ್ಟ್‌ಟೈಮ್ ಬೇಡ ಅನ್ನುತ್ತೇನೆ.

ನೀವು ಕ್ಯೂಸಿಯವರು. ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಿಮಗೆ ಅಭ್ಯಾಸವಾಗಿರಬೇಕು. ಅನಲಿಟಿಕಲ್ ಕೆಮಿಸ್ಟ್ರಿಯಲ್ಲಿ (ಯಾವ ವಸ್ತು ಎಷ್ಟಿದೆ ಅಂತ ಅಳೆಯುವ ವಿಭಾಗದಲ್ಲಿ) ಗೈಡ್ ಹುಡುಕಿ. ಔಷಧದಲ್ಲಿನ ಕಲ್ಮಶ ಅಳೆಯುವಂಥ ವಿಷಯ ಸಿಕ್ಕರೆ ರಜೆ ಜೋಡಿಸಿಕೊಂಡು ಮಾಡಬಹುದು. ಗೈಡ್ ಒಪ್ಪಿದರೂ ತಕ್ಷಣ ಹೂಂ ಅನ್ನಬೇಡಿ. ಅದೇ ಲ್ಯಾಬಿನ ಸೀನಿಯರ್‌ಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿಯಿರಿ. ಹಿಂದಿನ ಇಬ್ಬರು ಎಷ್ಟು ವರ್ಷಕ್ಕೆ ಥೀಸಿಸ್ ಕೊಟ್ಟರು ಅಂತ ಕೇಳಿ.