ಮೀಟಿಂಗ್ ನೋಟ್‌ಬುಕ್ಕಿನ ಚುಕ್ಕಿ ರಂಗೋಲಿ

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಆಫೀಸಿನಲ್ಲಿ ಸೋಮವಾರ ಹತ್ತೂವರೆಗೆ ಮೀಟಿಂಗ್. ಹನ್ನೆರಡು ಜನ, ಒಂದೂವರೆ ಗಂಟೆ. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ಮಾತಾಡಲು ಏಳೆಂಟು ನಿಮಿಷ. ಉಳಿದ ಹೊತ್ತೆಲ್ಲ ಕೇಳುವುದೇ ಕೆಲಸ.

ನನ್ನ ಪಕ್ಕ ಅಕೌಂಟ್ಸ್ ಮೇಡಂ ಕೂರುತ್ತಾರೆ. ಸ್ಟಾಕ್ ಲೆಕ್ಕ ಶುರುವಾದ ಕೂಡಲೇ ಅವರ ಪೆನ್ನು ಹಾಳೆಯ ಮೂಲೆಗೆ ಹೋಗುತ್ತದೆ. ಏಳು ಚುಕ್ಕಿ, ಏಳು ಸಾಲು. ಆಮೇಲೆ ಒಂದೊಂದೇ ಚುಕ್ಕಿಯನ್ನು ಬಳಸಿಕೊಂಡು ಬಳ್ಳಿ ಸುತ್ತುತ್ತದೆ. ತಲೆ ಎತ್ತುವುದೇ ಅಪರೂಪ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ‘ಮಂಡ್ಯದ ಲೋಡು ಯಾವತ್ತು ಅಂದ್ರು?’ ಅಂತ ಯಾರಾದರೂ ಕೇಳಲಿ, ಉತ್ತರ ಅವರಿಂದಲೇ ಬರುತ್ತದೆ. ‘ಗುರುವಾರ. ಎರಡು ಗಾಡಿ. ಒಂದಕ್ಕೆ ಇನ್ನೂ ಡ್ರೈವರ್ ಸಿಕ್ಕಿಲ್ಲ.’

ಗೀಚುತ್ತಾ ಕೂತವರಿಗೆ ಇಷ್ಟು ನೆನಪಿರುವುದು ಹೇಗೆ? ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾಕಿ ಆಂಡ್ರೇಡ್ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. 40 ಜನರಿಗೆ ಫೋನ್ ಸಂದೇಶವೊಂದರ ರೆಕಾರ್ಡಿಂಗ್ ಕೇಳಿಸಿದರು. ಎರಡೂವರೆ ನಿಮಿಷ, ಏರಿಳಿತವಿಲ್ಲದ ಬೋರು ಹೊಡೆಸುವ ದನಿ. ಪಾರ್ಟಿಗೆ ಯಾರ್ಯಾರು ಬರುತ್ತಾರೆ ಅಂತ ಬರೆದುಕೊಳ್ಳಬೇಕು, ಅಷ್ಟೇ. ಅರ್ಧ ಜನರಿಗೆ ಮಾತ್ರ ಇನ್ನೊಂದು ಕೆಲಸ ಕೊಟ್ಟರು: ಕೇಳುತ್ತಲೇ ಕಾಗದದ ಮೇಲಿನ ಚೌಕ, ವೃತ್ತಗಳನ್ನು ಪೆನ್ಸಿಲ್ ಉಜ್ಜಿ ತುಂಬುವುದು. ಮುಗಿದ ಮೇಲೆ, ಮೊದಲು ಹೇಳದೇ ಇದ್ದ ಒಂದು ಪರೀಕ್ಷೆ. ಯಾರ ಹೆಸರು ಬಂತು, ಯಾವ ಊರಿನ ಹೆಸರು ಬಂತು? ಚೌಕ ತುಂಬಿದವರಿಗೆ ಸರಾಸರಿ 7.5 ಹೆಸರು ನೆನಪಿತ್ತು. ಸುಮ್ಮನೆ ಕೇಳಿದವರಿಗೆ 5.8. ಅಂದರೆ 29% ಜಾಸ್ತಿ!

ಬೇಸರವಾದ ಮನಸ್ಸು ಸುಮ್ನೆ ಕೂರುವುದಿಲ್ಲ, ಅಲ್ವಾ? ಸಂಜೆ ದೇವರಾಜ ಮಾರ್ಕೆಟ್‌ಗೆ ಹೋಗಬೇಕು, ಹೂವು ತರಬೇಕು, ಗಾಡಿ ನಿಲ್ಲಿಸಲು ಜಾಗ ಸಿಗುತ್ತೋ ಇಲ್ಲವೋ... ಒಂದರ ಹಿಂದೆ ಒಂದು. ಇಂಥ ಯೋಚನೆಗೂ ಗಮನ ಬೇಕು, ಕೇಳುವುದಕ್ಕೂ ಅದೇ ಗಮನ ಬೇಕು. ಕೈಗೊಂದು ಹಗುರ ಕೆಲಸ ಕೊಟ್ಟರೆ ಮನಸ್ಸು ಅಷ್ಟು ದೂರ ಹೋಗುವುದಿಲ್ಲ ಎಂಬುದು ಆಂಡ್ರೇಡ್ ಅವರ ವಿವರಣೆ.

ಪ್ರಯೋಗ ಚಿಕ್ಕದು ಎನ್ನುವುದನ್ನು ಮರೆಯಬಾರದು. ಅಲ್ಲಿದ್ದವರು ತಮ್ಮಿಷ್ಟದ ಚಿತ್ರವನ್ನೂ ಬರೆಯಲಿಲ್ಲ. ಹೊಸ ರಂಗೋಲಿಯಾದರೆ ಚುಕ್ಕಿ ಎಣಿಸುವುದರಲ್ಲೇ ಗಮನ ಕಳೆದುಹೋದೀತು. ಮೇಡಂ ಹಾಕುವುದು ಚಿಕ್ಕಂದಿನಿಂದ ಬೆರಳಿಗೆ ಅಂಟಿದ ರಂಗೋಲಿ. ಮೊಬೈಲಿನ ಕಥೆಯೇ ಬೇರೆ. ವಾಟ್ಸಾಪ್ ಓದುವುದಕ್ಕೂ ಮಾತು ಕೇಳುವುದಕ್ಕೂ ತಲೆಯಲ್ಲಿ ಭಾಷೆಯೇ ಓಡಬೇಕು. ಎರಡೂ ಒಟ್ಟಿಗೆ ಆಗುವುದು ಕಷ್ಟ.

ಹೋದ ತಿಂಗಳು ಹೊಸ ಹುಡುಗನೊಬ್ಬ ಹಾಳೆಯ ಅಂಚಿನಲ್ಲಿ ಚೌಕದ ಮೇಲೆ ಚೌಕ ಬರೆಯುತ್ತಿದ್ದ. ‘ಗೀಚೋದು ಬಿಟ್ಟು ಇಲ್ಲಿ ನೋಡಪ್ಪ’ ಅಂದರು ಹಿರಿಯರೊಬ್ಬರು. ಹುಡುಗನ ಮುಖ ಸಣ್ಣಗಾಯಿತು. ನನಗೆ ತುಂಬ ಬೇಜಾರಾಯಿತು. ಗಮನ ಹಿಡಿದಿಟ್ಟುಕೊಳ್ಳಲೆಂದೇ ಅವನ ಕೈ ಆಡುತ್ತಿತ್ತೋ ಏನೋ. ಅವನು ಪುಸ್ತಕ ಮುಚ್ಚಿ ಪರದೆಯನ್ನೇ ನೋಡುತ್ತಾ ಕೂತ. ಹತ್ತು ನಿಮಿಷ ಬಿಟ್ಟು ಹೆಸರು ಹಿಡಿದು ಏನೋ ಕೇಳಿದರೆ, ‘ಏನ್ ಸಾರ್?’ ಅಂದ.

ಪ್ರಶ್ನೆ ಏನೆಂದು ಮೆಲ್ಲಗೆ ಹೇಳಿಕೊಟ್ಟವರು ಮೇಡಂ. ಪೆನ್ನು ಇನ್ನೂ ಬಳ್ಳಿಯ ಕೊನೆಯ ಸುತ್ತಿನಲ್ಲಿತ್ತು.