ಪದ ಪರಿಚಯ: ಲಾನ್ ಬೌಲ್ಸ್ ‘ನ್ಯಾಷನಲ್ಸ್’

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತಾ ಕೂತಿದ್ದೆವು. ಕಾಕಾ ಪೇಪರ್ ಮಡಚಿ ಕೇಳಿದರು: ‘ಲಾನ್ ಬೌಲ್ಸ್ ನ್ಯಾಷನಲ್ಸ್ ಅಂತ ಬರ್ದಾರ ನೋಡು. ಇದ್ರಾಗ ವಿಕೆಟ್ ಎಲ್ಲಿರ್ತದ?’

ಕಾಕಾರದ್ದು ತಪ್ಪಲ್ಲ. ಬೌಲ್ ಅಂದ ಕೂಡಲೇ ನಮಗೆ ನೆನಪಾಗೋದು ಕ್ರಿಕೆಟ್ಟೇ ಅಲ್ವಾ?

ಈ ಆಟದಲ್ಲಿ ವಿಕೆಟ್ ಇಲ್ಲ, ಬ್ಯಾಟೂ ಇಲ್ಲ. ಸಮ ಮಾಡಿದ ಹುಲ್ಲಿನ ಅಂಗಳವಿರುತ್ತದೆ. ಮೊದಲು ಜ್ಯಾಕ್ ಅನ್ನುವ ಸಣ್ಣ ಚೆಂಡನ್ನು ದೂರಕ್ಕೆ ಉರುಳಿಸುತ್ತಾರೆ. ಆಮೇಲೆ ಎರಡೂ ಕಡೆಯವರು ಸರದಿಯಂತೆ ದೊಡ್ಡ ಚೆಂಡುಗಳನ್ನು ಅದರತ್ತ ಉರುಳಿಸುತ್ತಾರೆ. ಈ ದೊಡ್ಡ ಚೆಂಡೇ ಬೌಲ್. ಎದುರಾಳಿಯ ಅತಿ ಹತ್ತಿರದ ಬೌಲ್‌ಗಿಂತ ನಮ್ಮ ಎಷ್ಟು ಬೌಲ್‌ಗಳು ಜ್ಯಾಕ್‌ಗೆ ಹತ್ತಿರ ಇವೆಯೋ ಅಷ್ಟು ಪಾಯಿಂಟ್. ಹೀಗೆ ಎಲ್ಲ ಬೌಲ್ ಮುಗಿದರೆ ಒಂದು ‘ಎಂಡ್’. ಗೋಲಿ ಆಡಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು.

ಒಂದೇ ತೊಡಕು. ಬೌಲ್ ನೋಡಲು ಗುಂಡಗೆ ಕಂಡರೂ ಪೂರ್ತಿ ಗುಂಡಗಿಲ್ಲ. ವೇಗ ಕಡಿಮೆಯಾದ ಹಾಗೆ ಅದು ಒಂದು ಮಗ್ಗುಲಿಗೆ ವಾಲುತ್ತಾ ಹೋಗುತ್ತದೆ. ಇದಕ್ಕೆ ಬಯಸ್ ಎನ್ನುತ್ತಾರೆ. ಹ್ಯಾಂಡಲ್ ಒಂದು ಕಡೆ ಎಳೆಯುವ ಹಳೇ ಸೈಕಲ್ ಓಡಿಸಿದ್ದರೆ ಗೊತ್ತಾಗುತ್ತದೆ, ನೇರ ಹೋಗಬೇಕೆಂದರೆ ಪಕ್ಕಕ್ಕೆ ಗುರಿ ಇಡಬೇಕು. ನನಗೆ ಈ ಆಟ ಹಿಡಿಸಿದ್ದು ಇದಕ್ಕೇ.

ಇನ್ನು ‘ನ್ಯಾಷನಲ್ಸ್’. ನ್ಯಾಷನಲ್ ಚಾಂಪಿಯನ್‌ಶಿಪ್ ಅಂದರೆ ದೇಶಕ್ಕೆ ಒಬ್ಬ ಚಾಂಪಿಯನ್ ಅಂದುಕೊಳ್ಳುತ್ತೇವೆ. ಲಾನ್ ಬೌಲ್ಸ್‌ನಲ್ಲಿ ಹಾಗಲ್ಲ. ಒಂದು ಕಡೆ ಒಬ್ಬರೇ ಆಡುವ ಸಿಂಗಲ್ಸ್, ಇಬ್ಬರ ಪೇರ್ಸ್, ಮೂವರ ಟ್ರಿಪಲ್ಸ್, ನಾಲ್ವರ ಫೋರ್ಸ್ ಎಂದು ಬೇರೆ ಬೇರೆ ಪಂದ್ಯಗಳು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಹಾಗಾಗಿ ಯಾರಾದರೂ ‘ನಾನು ನ್ಯಾಷನಲ್ ಚಾಂಪಿಯನ್’ ಅಂದರೆ ಮಾತು ಅರ್ಧಕ್ಕೇ ನಿಂತಂತೆ. ‘ಯಾವುದರಲ್ಲಿ?’ ಅಂತ ಕೇಳಲೇಬೇಕು.

ಯಾಕೆಂದರೆ ಆಟವೇ ಬೇರೆಯಾಗುತ್ತದೆ. ಸಿಂಗಲ್ಸ್‌ನಲ್ಲಿ ಒಬ್ಬರಿಗೆ ನಾಲ್ಕು ಬೌಲ್. ತಪ್ಪಿದರೆ ತಿದ್ದಿಕೊಳ್ಳಲು ಇನ್ನೂ ಮೂರು ಕೈಯಲ್ಲಿರುತ್ತವೆ. ಫೋರ್ಸ್‌ನಲ್ಲಿ ತಲೆಗೆ ಎರಡೇ. ಅಲ್ಲಿ ಲೀಡ್, ಸೆಕೆಂಡ್, ಥರ್ಡ್, ಸ್ಕಿಪ್ ಎಂದು ಜಾಗ ಹಂಚಿರುತ್ತದೆ. ಲೀಡ್ ಮೊದಲು ಆಡಿ ಬೌಲ್ ಹತ್ತಿರ ಇಡಬೇಕು. ಸ್ಕಿಪ್ ನಾಯಕಿ ಇದ್ದ ಹಾಗೆ. ಉಳಿದವರು ಆಡುವಾಗ ಜ್ಯಾಕ್ ಇರುವ ತುದಿಯಲ್ಲಿ ನಿಂತು ದಾರಿ ತೋರಿಸಿ, ಕೊನೆಗೆ ತಾನು ಆಡುತ್ತಾಳೆ. ಹಿಂದಿನವರು ಕೆಡಿಸಿದ್ದನ್ನು ಸರಿ ಮಾಡುವ ಕೆಲಸವೂ ಅವಳದ್ದೇ. ಸಿಂಗಲ್ಸ್ ಗೆದ್ದವರು ಒಳ್ಳೆ ಸ್ಕಿಪ್ ಆಗೇ ಆಗುತ್ತಾರೆ ಅಂತ ಹೇಳಲಾಗದು.

ಇಂಗ್ಲೆಂಡಿನಲ್ಲಿ ಹೀಗೆ ಬೇರೆ ಬೇರೆ ಪಂದ್ಯಗಳ ನ್ಯಾಷನಲ್ಸ್ ನಡೆಸುವ ಪದ್ಧತಿ ಹಳೆಯದು. ಅದಕ್ಕೂ ಹಿಂದೆ ಒಂದು ವಿಚಿತ್ರ ಇದೆ. 1541ರ ಕಾನೂನಿನ ಪ್ರಕಾರ ಅಲ್ಲಿನ ಕೂಲಿಕಾರರು, ಕಸುಬಿನವರು ಕ್ರಿಸ್‌ಮಸ್ ಬಿಟ್ಟರೆ ಬೌಲ್ಸ್ ಆಡುವಂತಿರಲಿಲ್ಲ! ಅದು ರದ್ದಾಗಿದ್ದು 1845ರಲ್ಲಿ. 1903ರಲ್ಲಿ ಇಂಗ್ಲಿಷ್ ಬೌಲಿಂಗ್ ಅಸೋಸಿಯೇಷನ್ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಯಾರು ಗೊತ್ತಾ? ಡಬ್ಲ್ಯು.ಜಿ. ಗ್ರೇಸ್, ಗಡ್ಡದ ಕ್ರಿಕೆಟಿಗ. ಇದನ್ನು ಹೇಳಿದಾಗ ಕಾಕಾ ‘ನಾ ಅಂದಿಲ್ಲೇನು, ಕ್ರಿಕೆಟ್ ಸಂಬಂಧ ಅದ ಅಂತ’ ಎಂದು ಮೀಸೆ ತಿರುವಿದರು. ನಾನು ಸುಮ್ನಾದೆ.

ಅಲ್ಲಿ ಕೌಂಟಿ ಮಟ್ಟದಲ್ಲಿ ಗೆದ್ದು ಬಂದವರು ನ್ಯಾಷನಲ್ಸ್‌ಗೆ ಲೆಮಿಂಗ್ಟನ್ ಸ್ಪಾ ಊರಿನ ವಿಕ್ಟೋರಿಯಾ ಪಾರ್ಕಿನಲ್ಲಿ ಸೇರುತ್ತಾರೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಕಲಬುರಗಿ ಗೆದ್ದವರು, ಬೀದರ ಗೆದ್ದವರು, ಯಾದಗಿರಿ ಗೆದ್ದವರು ಒಂದೇ ಅಂಗಳದಲ್ಲಿ ಇಳಿದಂತೆ. ನಮ್ಮ ದೇಶದಲ್ಲಿ ರಾಜ್ಯದ ತಂಡಗಳು ಬಂದು ಆಡುತ್ತವೆ. ನ್ಯಾಷನಲ್ ಗೇಮ್ಸ್ ಅಂದರೆ ಬೇರೆ. ಅದು ಎಷ್ಟೋ ಆಟಗಳು ಸೇರಿದ ಜಾತ್ರೆ, ಅದರಲ್ಲಿ ಲಾನ್ ಬೌಲ್ಸ್ ಒಂದು. 2011ರಲ್ಲಿ ರಾಂಚಿ ಕಡೆ ನಡೆದಾಗಲೂ ಇತ್ತು. ಪೇಪರಿನವರು ಎರಡನ್ನೂ ‘ನ್ಯಾಷನಲ್ಸ್’ ಅಂತ ಬರೆದು ಗೊಂದಲ ಜಾಸ್ತಿ ಮಾಡುತ್ತಾರೆ.

ಅದೇ ವಿಕ್ಟೋರಿಯಾ ಪಾರ್ಕಿನಲ್ಲಿ 2022ರ ಕಾಮನ್‌ವೆಲ್ತ್ ಗೇಮ್ಸ್‌ನ ಬೌಲ್ಸ್ ನಡೆಯಿತು. ಹೆಂಗಸರ ಫೋರ್ಸ್ ಫೈನಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದಿತು. ಲವ್ಲಿ ಚೌಬೆ, ಪಿಂಕಿ, ನಯನಮೋನಿ ಸೈಕಿಯಾ, ಸ್ಕಿಪ್ ಆಗಿ ರೂಪಾ ರಾಣಿ ತಿರ್ಕಿ. ಇಬ್ಬರು ಜಾರ್ಖಂಡ್, ಒಬ್ಬರು ದೆಹಲಿ, ಒಬ್ಬರು ಅಸ್ಸಾಂ.

‘ಹಂಗಾರ ಇಲ್ಲಿ ನ್ಯಾಷನಲ್ಸ್‌ನಾಗ ಅವರವರೇ ಎದುರು ಬದುರು ನಿಲ್ಲಬೇಕಾಗ್ತದಲ್ಲ?’ ಎಂದರು ಕಾಕಾ.

ಹೌದು, ರಾಜ್ಯದ ಜರ್ಸಿ ಹಾಕಿದ ಮೇಲೆ ಹಾಗೇ.